ಜಪಾನಿ ಕಲಿತ ಹನುಮೇಶ

ಜಪಾನಿಗೆ ಯಾರು ಹೋಗ್ತೀರಿ ಅಂತ ಮೊದಲ ಸಲ ಕೇಳಿದಾಗ ಹನುಮೇಶ ಕಂಪ್ರೆಸರ್ ರೂಮಿನ ಹಿಂದೆ ಹೋಗಿ ನಿಂತಿದ್ದ. ಸುಳ್ಳೇಕೆ, ಪೀಣ್ಯದ ಆ ಕಾರ್ಖಾನೆಯಲ್ಲಿ ಅವತ್ತು ಕೈಯೆತ್ತಿದ ಗಂಡಸು ಒಬ್ಬನೂ ಇರಲಿಲ್ಲ. ಹೊಟ್ಟೆನೋವು ಬಂದರೆ ಹೊಟ್ಟೆನೋವು ಅಂತ ಹೇಳಲಾಗದ ಊರಿಗೆ ಯಾರು ಹೋಗುತ್ತಾರೆ? ರಾಯಚೂರು ಕಡೆಯಿಂದ ಬಂದವನಿಗೆ ಬೆಂಗಳೂರಿನ ಮಾತಿಗೆ ಹೊಂದಿಕೊಳ್ಳುವುದರೊಳಗೇ ಸಾಕುಸಾಕಾಗಿತ್ತು.

ಆಮೇಲೆ ಕಂಪನಿ ಭಾನುವಾರ ಜಪಾನಿ ಕ್ಲಾಸು ಇಟ್ಟಿತು. ಉಪ್ಪಿಟ್ಟಿನ ಆಸೆಗೆ ಹೋದವರು ಉಪ್ಪಿಟ್ಟು ನಿಂತ ವಾರವೇ ನಿಂತರು. ಹನುಮೇಶ ಮಾತ್ರ ಎರಡು ವರ್ಷ ಬಿಡಲಿಲ್ಲ. ನಾಗಸಂದ್ರದ ಬಾಡಿಗೆ ರೂಮಿನಲ್ಲಿ ಹೆಂಡತಿ ಸವಿತಾ ರೊಟ್ಟಿ ಬಡಿಯುವಾಗ ಅವನು ಜಪಾನಿಯಲ್ಲಿ ರೊಟ್ಟಿ ಎಣಿಸುತ್ತಿದ್ದ. ಮಾತು ಬಂದಂತೆ ಭಯ ಹೋಯಿತು, ಭಯ ಹೋದ ಜಾಗದಲ್ಲಿ ಆಸೆ ಬಂದು ಕೂತಿತು. 2013ರಲ್ಲಿ ಒಂದು ವರ್ಷದ ತರಬೇತಿಗೆ ಒಬ್ಬರನ್ನು ಕಳಿಸುತ್ತಾರೆಂದಾಗ ಮೊದಲು ಕೈಯೆತ್ತಿದವನು ಅವನೇ. ಪಾಸ್‌ಪೋರ್ಟೂ ಮಾಡಿಸಿದ.

ಎಡವಿದ್ದು ಆಮೇಲೆ. ಜಪಾನಿನಿಂದ ಬಂದ ಎಂಜಿನಿಯರ್ ಒಗಾತಾ ಬೆಳಗಿನ ಮೀಟಿಂಗಿನಲ್ಲಿ ಆಡಿದ್ದನ್ನೆಲ್ಲ ಹನುಮೇಶ ಪಟಪಟನೆ ಕನ್ನಡಕ್ಕೆ ತಂದ, ತನ್ನ ಹೆಸರು ಗಟ್ಟಿಯಾಗಲಿ ಅಂತ. ಮಧ್ಯಾಹ್ನ ಮ್ಯಾನೇಜರ್ ಶ್ಯಾಮಣ್ಣ ಕರೆದರು.

"ನಿನ್ನ ಕಳಿಸ್ಬಿಟ್ರೆ ಇಲ್ಲಿ ಇವರ ಜೊತೆ ಮಾತಾಡೋರ್ಯಾರು? ನರೇಶ್ ಹೋಗ್ತಾನೆ ಬಿಡು."

ಪಕ್ಕದ ಮಷೀನಿನ ನರೇಶನಿಗೆ ಜಪಾನಿಯಲ್ಲಿ ನಮಸ್ಕಾರ ಕೂಡ ಬಾರದು. ಹೋಗಲ್ಲ ಅಂತ ಅಳುಮೋರೆ ಹಾಕಿದವನನ್ನು ಗದರಿಸಿ ಒಪ್ಪಿಸಿದ್ದರು.

ಸಂಜೆ ಒಗಾತಾ ಪಟ್ಟಿ ನೋಡಿ, ಹನುಮೇಶನ ಹೆಸರೆಲ್ಲಿ ಎಂದು ಜಪಾನಿಯಲ್ಲಿ ಕೇಳಿದರು, ಅದನ್ನು ಹನುಮೇಶನೇ ಕನ್ನಡಕ್ಕೆ ತಂದ. ಶ್ಯಾಮಣ್ಣ ಹನುಮೇಶನ ಕಡೆಗೇ ತಿರುಗಿದರು. "ನಂಗೆ ಹೋಗೋಕೆ ಇಷ್ಟ ಇಲ್ಲ ಅಂತ ಹೇಳು."

ಹನುಮೇಶ ನಿಜ ಹೇಳಿಬಿಡಬಹುದಿತ್ತು, ಶ್ಯಾಮಣ್ಣನಿಗೆ ಒಂದಕ್ಷರ ತಿಳಿಯುತ್ತಿರಲಿಲ್ಲ. ಆದರೆ ನಾಳೆ ಒಗಾತಾ ಅದನ್ನೇ ಇಂಗ್ಲಿಷಿನಲ್ಲಿ ಮೇಲ್ ಮಾಡಿದರೆ? ಅವನಿನ್ನೂ ಪರ್ಮನೆಂಟ್ ಆಗಿರಲಿಲ್ಲ. ಬಡವನ ಕೋಪ ದವಡೆಗೆ ಮೂಲ. ಹೇಳಿದ, ಒಂದು ಪದವೂ ತಪ್ಪಿಲ್ಲದೆ.

ಒಗಾತಾ ಅವನನ್ನೇ ನೋಡುತ್ತ ಏನೋ ಕೇಳಿದರು.

"ಏನಂತೆ?" ಅಂದರು ಶ್ಯಾಮಣ್ಣ.

"ಮತ್ಯಾಕ ಎರಡು ವರ್ಷ ಕಲ್ತಿ ಅಂತ ಕೇಳಾಕತ್ಯಾರ್ರಿ ಸಾರ್."

ಶ್ಯಾಮಣ್ಣ ಫೈಲ್ ಮುಚ್ಚಿದರು. "ಟೈಮ್‌ಪಾಸಿಗೆ ಅನ್ನು."

ಹನುಮೇಶ ಅದನ್ನೂ ಹೇಳಿದ. ಒಗಾತಾ ಆಮೇಲೆ ಅವನ ಮುಖ ನೋಡಲಿಲ್ಲ.