ಪೊರೆಗೊಂದು ಉಗಿಸ್ನಾನ

ನಡುಬೇಸಿಗೆಯ ಯುಹಾನ್ನುಸ್ ಹಬ್ಬದ ಹಿಂದಿನ ದಿನ ಫಿನ್ಲೆಂಡಿನಲ್ಲಿ ಯಂತ್ರ ಕೆಡಬಾರದು. ಮನುಷ್ಯರಿಗಾದರೆ ಹೇಗೋ ಆಸ್ಪತ್ರೆ ಇರುತ್ತದೆ, ಯಂತ್ರದ ಪಾಡನ್ನು ಕೇಳುವವರೇ ಇಲ್ಲ. ರಿಪೇರಿಯವರೆಲ್ಲ ಆಗಲೇ ಸರೋವರದ ದಡ ಸೇರಿ ಸಾಸೇಜು ಸುಡುತ್ತಿರುತ್ತಾರೆ. ಟಾಂಪೆರೆಯ ಪ್ರಯೋಗಾಲಯದಲ್ಲಿ ಐಲಾಳ ಉಗಿಯಂತ್ರ ಸರಿಯಾಗಿ ಅದೇ ದಿನ ಬೆಳಿಗ್ಗೆ ಕೈಕೊಟ್ಟಿತು.

ಐಲಾ ವರ್ಷಗಟ್ಟಲೆ ಒದ್ದಾಡಿ ಒಂದು ಪೊರೆ ತಯಾರಿಸಿದ್ದಳು. ವಿದ್ಯುತ್ ಕೊಡುವ ಇಂಧನಕೋಶದೊಳಗೆ ಹೈಡ್ರೋಜನ್ನನ್ನೂ ಗಾಳಿಯನ್ನೂ ಬೇರೆಬೇರೆಯಾಗಿಡುವ, ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ಪ್ಲಾಸ್ಟಿಕ್ ಪೊರೆ. ಇಂಥ ಪೊರೆಗಳ ಚಾಳಿ ಏನೆಂದರೆ, ಒದ್ದೆಯಾದರೆ ಉಬ್ಬುತ್ತವೆ, ಒಣಗಿದರೆ ಕುಗ್ಗುತ್ತವೆ. ಚೌಕಟ್ಟಿನಲ್ಲಿ ಬಿಗಿದಿಟ್ಟರೆ ಹೀಗೆ ಉಬ್ಬಿ ಕುಗ್ಗಿ ಕೊನೆಗೊಮ್ಮೆ ಹರಿದುಹೋಗುತ್ತವೆ. ತನ್ನ ಪೊರೆ ಹರಿಯುವುದಿಲ್ಲ ಎಂದು ತೋರಿಸಿದರೆ ದುಡ್ಡು ಹಾಕಿದ್ದ ಜರ್ಮನಿಯ ಕಂಪನಿ ಕೆಲಸ ಮುಂದುವರಿಸುತ್ತದೆ. ಇಲ್ಲದಿದ್ದರೆ ಇವತ್ತಿಗೇ ಎಲ್ಲ ಬಂದ್. ಕಂಪನಿಯ ಪರೀಕ್ಷಕ ಟೀಮಾನ್ ಬಂದು ಕೂತಿದ್ದ, ಸಂಜೆಯ ವಿಮಾನಕ್ಕೆ ಹೊರಡುವವನಿದ್ದ.

"ಎಂಬತ್ತು ಡಿಗ್ರಿ ಬಿಸಿ, ಒಂದ್ಸಲ ಉಗಿ, ಒಂದ್ಸಲ ಒಣಗಾಳಿ. ಇಷ್ಟೇ ತಾನೆ?" ಎಂದು ಟೀಮಾನನಿಗೂ ತಿಳಿಯುವಂತೆ ಜರ್ಮನ್ನಿನಲ್ಲೇ ಕೇಳಿದ ಐಲಾಳ ಹಳೆಯ ಸಹಾಯಕ ಕಲೆರ್ವೊ. "ಅದಕ್ಕೆ ಯಂತ್ರ ಯಾಕೆ ಮಾರಾಯ್ತಿ? ಕೆಳಗಡೆ ನಮ್ಮ ಉಗಿಸ್ನಾನದ ಸೌನಾ ಇಲ್ವಾ?"

ಇಬ್ಬರೂ ಈಗ ನಗುತ್ತಾರೆಂದು ಟೀಮಾನ್ ಕಾದ. ಯಾರೂ ನಗಲಿಲ್ಲ.

"ಸ್ನಾನದ ಕೋಣೇಲಿ ಪರೀಕ್ಷೆನಾ?" ಎಂದು ಕೇಳಿದ.

"ನಿಮ್ಮ ಕಣ್ಣೆದುರಿಗೇ ನಡೀಲಿ. ಟವಲ್ ನಾವೇ ಕೊಡ್ತೀವಿ" ಎಂದಳು ಐಲಾ.

ಮೂವರೂ ಟವಲು ಸುತ್ತಿಕೊಂಡು ಕೂತರು. ಚೌಕಟ್ಟಿಗೆ ಬಿಗಿದ ಪೊರೆಗೆ ಎಲ್ಲಕ್ಕಿಂತ ಮೇಲಿನ ಹಲಗೆ, ದೊಡ್ಡವರು ಕೂರುವ ಜಾಗ. ಐಲಾ ಕಾದ ಕಲ್ಲಿನ ಮೇಲೆ ನೀರು ಸುರಿದರೆ ಉಗಿ ಭುಸ್ಸೆಂದು ಏಳುತ್ತಿತ್ತು. ಆಮೇಲೆ ಕಲೆರ್ವೊ ಬಾಗಿಲು ತೆರೆದು ಉಗಿಯನ್ನು ಹೊರಗೆ ಬಿಟ್ಟು ಒಣಗಿಸಬೇಕು. ಮತ್ತೆ ನೀರು, ಮತ್ತೆ ಬಾಗಿಲು. ಟೀಮಾನನ ಕನ್ನಡಕ ಮಬ್ಬಾಗಿ ಅವನಿಗೆ ತನ್ನ ಮೊಣಕಾಲೂ ಕಾಣದಾಯಿತು. ಐಲಾ ರೂಢಿಯಂತೆ ಕಣ್ಣು ಮುಚ್ಚಿಕೊಂಡಿದ್ದಳು.

ಮಧ್ಯಾಹ್ನ ಚೌಕಟ್ಟನ್ನು ಬಕೆಟ್ಟಿನಲ್ಲಿ ಮುಳುಗಿಸಿ ಒಂದು ಬದಿಯಿಂದ ಗಾಳಿ ಊದಿದರು. ಪೊರೆ ಹರಿದಿದ್ದರೆ ಗುಳ್ಳೆ ಏಳಬೇಕು. ಒಂದೂ ಏಳಲಿಲ್ಲ. ಟೀಮಾನ್ ಅಭಿನಂದಿಸಲು ಕೈ ಚಾಚಿದ. ಅಷ್ಟರಲ್ಲಿ ಐಲಾಳ ಕಣ್ಣು ಕಲೆರ್ವೊನ ಮೇಲೆ ಬಿತ್ತು. ಅವನು ಹಾದುಹೋಗುತ್ತ, ತನಗೇ ಅರಿವಿಲ್ಲದೆ, ಸೌನಾದ ಬಾಗಿಲನ್ನು ಮೊಣಕೈಯಿಂದ ತಳ್ಳಿ ಮುಚ್ಚಿದ.

"ಒಣಗಿಸೋ ಹೊತ್ತಲ್ಲಿ ಬಾಗಿಲು ತೆಗೀತಿದ್ದೆ ಅಲ್ವೇನೋ?" ಎಂದು ಮೆಲ್ಲಗೆ ಫಿನ್ನಿಶ್ಶಿನಲ್ಲಿ ಕೇಳಿದಳು.

"ತೆಗೀತಿದ್ದೆ. ತಕ್ಷಣ ಮುಚ್ತಿದ್ದೆ. ಸೌನಾ ಬಾಗಿಲು ಯಾರಾದ್ರೂ ತೆರೆದಿಡ್ತಾರಾ? ನಮ್ಮಮ್ಮ ಕಂಡಿದ್ರೆ ಕೈ ಮುರೀತಿದ್ಲು."

ಅಂದರೆ ಪೊರೆ ಒಣಗಿಯೇ ಇರಲಿಲ್ಲ. ಬೆಳಗಿನಿಂದ ಹಾಯಾಗಿ ಉಬ್ಬಿಕೊಂಡು ಕೂತಿತ್ತು. ಟೀಮಾನನಿಗೆ ಫಿನ್ನಿಶ್ ಬಾರದು, ಚಾಚಿದ ಕೈ ಹಾಗೇ ಇತ್ತು. ಅದನ್ನೊಮ್ಮೆ ಹಿಡಿದು ಕುಲುಕಿದರೆ ಮುಗಿಯಿತು. ಐಲಾಳಿಗೆ ಕುಲುಕಬೇಕೆಂದು ತುಂಬ ಆಸೆಯಾಯಿತು.

"ಇದು ಲೆಕ್ಕಕ್ಕಿಲ್ಲ" ಎಂದು ಅವನ ಭಾಷೆಯಲ್ಲಿ ಹೇಳಿಬಿಟ್ಟಳು. "ಪೊರೆ ಒಣಗೇ ಇಲ್ಲ." ಹೇಳಿದ ಮರುಕ್ಷಣ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳುವಷ್ಟು ಸಿಟ್ಟು ಬಂತು.

ಟೀಮಾನ್ ಕೈ ಹಿಂತೆಗೆದು, ಕಳಚಿಟ್ಟಿದ್ದ ಬೂಟುಗಳನ್ನು ಆಸೆಯಿಂದ ನೋಡಿದ. "ವಿಮಾನ ನಾಳೆನೂ ಇರುತ್ತೆ. ಮತ್ತೆ ಮೊದಲಿಂದ ಶುರು ಮಾಡಿ."

ಈ ಸಲ ಬಾಗಿಲಿನ ಕೆಲಸ ಐಲಾಳದು. ಕಲೆರ್ವೊನ ಒಂದು ಕೈಗೆ ನೀರಿನ ಬಕೆಟ್ಟು, ಇನ್ನೊಂದಕ್ಕೆ ಸಾಸೇಜಿನ ತಟ್ಟೆ ಕೊಟ್ಟು, ಕಲ್ಲಿಗೆ ನೀರು ಸುರಿಯುವುದು ಬಿಟ್ಟರೆ ಅಲ್ಲಾಡಕೂಡದೆಂದು ಕೂರಿಸಿದಳು. ಬಾಗಿಲು ತೆರೆದಾಗಲೆಲ್ಲ ಅವನು ಹೆತ್ತ ಮಗುವನ್ನು ಯಾರೋ ಹೊತ್ತೊಯ್ಯುತ್ತಿರುವಂತೆ ನರಳಿದ. "ಉಗಿ ಹೋಗ್ತಿದೆ ಕಣೇ ಐಲಾ, ಉಗಿ ಹೋಗ್ತಿದೆ." ಹೊರಗೆ ಹಾದುಹೋಗುತ್ತಿದ್ದ ಕಸ ಗುಡಿಸುವ ಹೆಂಗಸು ಇಣುಕಿ, "ಬಾಗಿಲು ತೆರೆದಿಟ್ಟು ಕೂತಿದ್ದೀರಲ್ಲ, ನಾಚಿಕೆ ಆಗಲ್ವಾ?" ಎಂದು ಬೈದಳು. ಐಲಾ ತಲೆ ತಗ್ಗಿಸಿದಳೇ ಹೊರತು ಬಾಗಿಲಿನ ಹಿಡಿ ಬಿಡಲಿಲ್ಲ.

ಕೊನೆಯ ಸುತ್ತಿನಲ್ಲಿ, ಬೀಟ್‌ರೂಟಿನ ಬಣ್ಣಕ್ಕೆ ತಿರುಗಿದ್ದ ಟೀಮಾನ್ ಸದ್ದಿಲ್ಲದೆ ಹಲಗೆಯಿಂದ ಜಾರಿದ. ಇಬ್ಬರೂ ಅವನನ್ನು ಹೊರಗೆ ಎತ್ತಿ ತಂದು ಮಲಗಿಸಿ, ಹಣೆಗೆ ತಣ್ಣೀರ ಬಟ್ಟೆ ಹಾಕಿದರು. ಐಲಾ ಅವನ ತಲೆಯ ಪಕ್ಕದಲ್ಲೇ ಬಕೆಟ್ಟಿಟ್ಟು, ಚೌಕಟ್ಟನ್ನು ಮುಳುಗಿಸಿ ಗಾಳಿ ಊದಿದಳು. ನೀರು ಮಿಸುಕಲಿಲ್ಲ. ಇನ್ನೂ ಜೋರಾಗಿ ಊದಿದಳು. ಆಗಲೂ ಇಲ್ಲ.

ಟೀಮಾನ್ ಒಂದೇ ಕಣ್ಣು ತೆರೆದು ಬಹಳ ಹೊತ್ತು ಬಕೆಟ್ಟನ್ನು ನೋಡಿದ.

"ಪೊರೆ ಪಾಸು" ಎಂದ. "ಪರೀಕ್ಷಕ ಫೇಲಾದ ಅಂತ ನಮ್ಮ ಆಫೀಸಿಗೆ ಮಾತ್ರ ಹೇಳಬೇಡಿ."