ತಡೆಯಾಜ್ಞೆಯ ಕಿಟಕಿ

ಸಂತೆಕಲ್ಲೂರಿನ ಜಮೀಲಾಬೀ ಹೊಸ ಅಡುಗೆಮನೆಗೆ ಕಿಟಕಿ ಇಡಿಸಿದಳು. ಅದು ನೆಟ್ಟಗೆ ಪಕ್ಕದ ಮನೆಯ ಶಿವಲಿಂಗಮ್ಮನ ಹಿತ್ತಲಿಗೆ, ಅಲ್ಲಿದ್ದ ಬಯಲು ಬಚ್ಚಲಿಗೆ ಮುಖ ಮಾಡಿತ್ತು.

‘ನಾ ಇನ್ನ ಸೀರಿ ಉಟ್ಕೊಂಡ ಜಳಕ ಮಾಡ್ಬೇಕೇನು?’ ಎಂದು ಶಿವಲಿಂಗಮ್ಮ ಎಗರಿಬಿದ್ದಳು.

‘ಹೊಗಿ ಹೋಗೋದು ಬ್ಯಾಡೇನಕ್ಕಾ?’ ಎಂದಳು ಜಮೀಲಾಬೀ.

ಮಾತಿಗೆ ಮಾತು ಬೆಳೆದು ದಾವೆ ಲಿಂಗಸುಗೂರಿನ ಸಿವಿಲ್ ಕೋರ್ಟು ಸೇರಿತು.

ಶಿವಲಿಂಗಮ್ಮನ ವಕೀಲೆ ಜಯಶ್ರೀ ಬೇಗನೆ ತಡೆಯಾಜ್ಞೆ ತಂದರು: ತೀರ್ಪು ಬರುವ ತನಕ ಇದ್ದದ್ದು ಇದ್ದಂತೆಯೇ ಇರಬೇಕು. ಶಿವಲಿಂಗಮ್ಮ ಓಣಿಗೆಲ್ಲ ಸಕ್ಕರೆ ಹಂಚಿದಳು. ಆದರೆ ಗೋಡೆಯಲ್ಲಿ ಆಗ ಕೂತಿದ್ದದ್ದು ಬರೀ ಚೌಕಟ್ಟು. ಕದವೂ ಇಲ್ಲ, ಸರಳೂ ಇಲ್ಲ. ಇನ್ನು ಕದ ಹಚ್ಚಿದರೂ ತಪ್ಪು, ಇಟ್ಟಿಗೆ ಇಟ್ಟು ಮುಚ್ಚಿದರೂ ತಪ್ಪು. ವಾಯಿದೆಯ ಮೇಲೆ ವಾಯಿದೆ ಬಿತ್ತು. ಒಗ್ಗರಣೆಯ ಘಾಟು ಈಚೆ ಬಂದರೆ ಶಿವಲಿಂಗಮ್ಮನ ಬೈಗುಳ ಆಚೆ ಹೋಗುತ್ತಿತ್ತು.

ಒಂದು ಮಧ್ಯಾಹ್ನ ಜಮೀಲಾಬೀ ಒಲೆ ಮೇಲೆ ಬೇಳೆ ಇಟ್ಟದ್ದನ್ನು ಮರೆತು, ಬೀಗ ಹಾಕಿಕೊಂಡು ಹಿಟ್ಟಿನ ಗಿರಣಿಗೆ ಹೋದಳು. ಸೀದ ವಾಸನೆ ಹಿತ್ತಲು ತುಂಬಿತು. ಶಿವಲಿಂಗಮ್ಮ ಕೂಗಿ ನೋಡಿದಳು; ಉತ್ತರವಿಲ್ಲ. ಸೆರಗು ಸಿಕ್ಕಿಸಿ, ಒರಳುಕಲ್ಲು ಹತ್ತಿ, ಚೌಕಟ್ಟಿನೊಳಗೆ ಅರ್ಧ ತೂರಿ, ಕೈಚಾಚಿ ಗ್ಯಾಸ್ ಆರಿಸಿದಳು. ಒಲೆ ಆರಿತು, ಆದರೆ ಸೊಂಟ ಸಿಕ್ಕಿಕೊಂಡಿತು.

ಹಿಟ್ಟಿನ ಡಬ್ಬಿ ಹೊತ್ತು ಬಂದ ಜಮೀಲಾಬೀ ಕಣ್ಣರಳಿಸಿದಳು.

‘ಯಕ್ಕಾ, ಒಳಗ ಬರಾಕತ್ತೀಯೋ, ಹೊರಗ ಹೊಂಟೀಯೋ?’

‘ಮೊದ್ಲು ಎಳಿಯವ್ವಾ, ಆಮ್ಯಾಲೆ ನಗು!’

ಎಳೆದ ರಭಸಕ್ಕೆ ಇಬ್ಬರೂ ನೆಲಕ್ಕುರುಳಿದರು. ಮೈತುಂಬ ಹಿಟ್ಟು. ನಗು ನಿಲ್ಲುವಷ್ಟರಲ್ಲಿ ಚಹಾ ಕುದಿಯುತ್ತಿತ್ತು.

ಮರುದಿನ ಶಿವಲಿಂಗಮ್ಮನಿಗೆ ಅಳುಕು ಹತ್ತಿತು. ವಕೀಲೆಗೆ ಫೋನ್ ಹಚ್ಚಿದಳು.

‘ಮೇಡಂ, ಸ್ಟೇ ಇರೋ ಕಿಟಕ್ಯಾಗ ಹಾಯ್ದುಬಿಟ್ಟೀನ್ರಿ. ಜಮೀಲಾಬೀ ಜೋಡಿ ಚಹಾನೂ ಕುಡದೀನ್ರಿ. ಹಿಡ್ಕೊಂಡು ಹೋಗ್ತಾರೇನ್ರಿ?’

‘ಯಾರೂ ಹಿಡಿಯೋದಿಲ್ಲಮ್ಮ,’ ಎಂದು ಜಯಶ್ರೀ ನಕ್ಕರು. ‘ಮಾತಾಡಾಕತ್ತೀರಿ ಅಂದ್ಮ್ಯಾಲೆ ಇಬ್ರೂ ಲೋಕ ಅದಾಲತ್‌ಗೆ ಬರ್ರಿ. ರಾಜಿ ಮಾಡ್ಸೋಣು.’

ಅದಾಲತ್‌ನಲ್ಲಿ ರಾಜಿಯಾಯಿತು. ಕಿಟಕಿಗೆ ಆಚೆ ಕಾಣದ ಮಸುಕು ಗಾಜು. ಬಚ್ಚಲಿಗೆ ಜಮೀಲಾಬೀಯ ಗಂಡ ಜಂಗ್ಲಿಸಾಬ್ ಆಳೆತ್ತರದ ಗೋಡೆ ಕಟ್ಟಿಸಿಕೊಡಬೇಕು.

‘ಇಬ್ಬರಿಗೂ ಒಪ್ಪಿಗೆಯೇ? ಇದರ ಮೇಲೆ ಅಪೀಲು ಇಲ್ಲ,’ ಎಂದರು ನ್ಯಾಯಾಧೀಶರು.

‘ಅಪೀಲ್ ಬ್ಯಾಡ್ರಿ ಸಾಹೇಬ್ರ. ಗಾಜಿನ ಬಣ್ಣ ಮಾತ್ರ ನಾ ಹೇಳಿದ್ದ ಇರ್ಲಿ,’ ಎಂದಳು ಶಿವಲಿಂಗಮ್ಮ.

ಬಣ್ಣ ಕೋರ್ಟಿನಲ್ಲಿ ಇತ್ಯರ್ಥವಾಗಲಿಲ್ಲ. ಮಸ್ಕಿಯ ಗಾಜಿನಂಗಡಿಯಲ್ಲಿ ಇಬ್ಬರೂ ಸಂಜೆಯವರೆಗೆ ವಾದಿಸಿದರು. ಅಂಗಡಿಯವನೇ ಸ್ಟೂಲು ಕೊಟ್ಟು ಕೂರಿಸಿದ. ಜಂಗ್ಲಿಸಾಬ್ ಮಾತ್ರ ಹೊರಗೆ ನಿಂತು ಫೋನಿನಲ್ಲಿ ಗೌಂಡಿಯ ಜೊತೆ ಗೋಡೆಯ ಮಾತು ಮುಗಿಸುತ್ತಿದ್ದ.