ಮೀನು ನಾರುವ ನೋಟ್‌ಬುಕ್ಕು

ವಾರದಲ್ಲಿ ಮೂರನೇ ಸಲ ಮೂಗಿನಿಂದ ರಕ್ತ ಬಂದಾಗ ಮಹಾಬಲೇಶ್ವರನಿಗೆ ನಿಜಕ್ಕೂ ಹೆದರಿಕೆಯಾಯಿತು. ಎರಡೂ ಕೈಯಲ್ಲಿ ಮೀನಿನ ಕರುಳು. ಒರೆಸಿಕೊಳ್ಳಲೂ ಆಗಲಿಲ್ಲ.

ಅದು ೧೯೭೪. ಹ್ಯೂಸ್ಟನ್ನಿನ ಆ ಲ್ಯಾಬಿಗೆ ಗ್ಯಾಲ್ವೆಸ್ಟನ್ ಬಂದರಿನ ದಕ್ಕೆಯಿಂದ ಪೀಪಾಯಿಗಟ್ಟಲೆ ಮೀನಿನ ತಲೆ, ಕರುಳು, ಚರ್ಮ ಬರುತ್ತಿತ್ತು. ಅರೆದು ಬೆಂಜೀನ್ ಎಂಬ ದ್ರಾವಕದಲ್ಲಿ ಕುದಿಸಿದರೆ ತಳದಲ್ಲಿ ಚೂರು ಹಳದಿ ಜಿಡ್ಡು ಉಳಿಯುತ್ತಿತ್ತು. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಜೀವಕೋಶಗಳು ಆ ಜಿಡ್ಡಿಗೆ ಸಾಯುತ್ತಿದ್ದವು.

ಲ್ಯಾಬಿನ ಯಜಮಾನರು ಮೈಸೂರಿನ ಡಾಕ್ಟರ್ ಗುರುರಾಜ್. ಮೀನೆಂದರೆ ಮೂಗು ಮುಚ್ಚಿಕೊಳ್ಳುವ ಮನುಷ್ಯ ಮೀನಿನಿಂದಲೇ ಹೆಸರು ಮಾಡಲು ಹೊರಟಿದ್ದರು! ಅದಕ್ಕೇ ಅವರಿಗೆ ಕಾರವಾರದ ಮೀನುಗಾರರ ಮಗ ಬೇಕಾಗಿದ್ದ. "ನಿಮ್ಮವರಿಗೆ ಇದೆಲ್ಲ ಅಭ್ಯಾಸ ಅಲ್ವೇನಯ್ಯಾ?" ಎಂದು ನಗುತ್ತ ಕರೆಸಿಕೊಂಡಿದ್ದರು. ಅವನ ವೀಸಾ ನಿಂತಿದ್ದುದೂ ಅವರ ಪತ್ರದ ಮೇಲೆಯೇ.

ಹೊಗೆ ಎಳೆಯುವ ಫ್ಯಾನು ಕೆಟ್ಟು ಎಂಟು ತಿಂಗಳಾಗಿತ್ತು. ಕೇಳಿದಾಗಲೆಲ್ಲ ಒಂದೇ ಉತ್ತರ: "ಗ್ರಾಂಟ್ ಬರಲಿ." ಮಹಾಬಲೇಶ್ವರನ ದಡ್ಡತನವೂ ಸೇರಿತೆನ್ನಿ. ತಾಯಿ ದಕ್ಕೆಯಲ್ಲಿ ಮೀನು ಮೂಸಿ ನೋಡಿ ಖರೀದಿಸುವುದನ್ನು ನೋಡಿ ಬೆಳೆದವನು, ಪ್ರತಿ ಫ್ಲಾಸ್ಕಿನ ಬಾಯಿಗೂ ಮೂಗಿಟ್ಟು ಹದ ನೋಡುತ್ತಿದ್ದ. ಬೆಂಜೀನು ವಿಷವೆಂದು ಅವನಿಗೆ ಹೇಳಿದವರಿಲ್ಲ.

ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವ ಧಾರವಾಡದ ದಾಕ್ಷಾಯಣಿ ಚೀಟಿಯನ್ನು ಎರಡು ಸಲ ಓದಿದಳು.

"ಬೆಂಜೀನ್ ಜೋಡಿ ಕೆಲಸ ಮಾಡ್ತೀರೇನ್ರಿ?"

"ಹೌದು. ಯಾಕೆ?"

"ರಕ್ತದ ಕ್ಯಾನ್ಸರ್ ಅಂತ ಡಾಕ್ಟರ್ ಬರದಾರ್ರಿ. ನಿಮ್ಮ ಸಾಹೇಬ್ರಿಗೆ ಇವತ್ತ ಹೇಳ್ರಿ."

ಹೇಳಿದ. ಮರುದಿನ ಬೆಳಿಗ್ಗೆ ಗುರುರಾಜರು ಟೈಪಾದ ಕಾಗದವೊಂದನ್ನು ಮುಂದಿಟ್ಟರು.

"ಸೈನ್ ಮಾಡಪ್ಪ. ಫ್ಯಾನು ಸರಿಯಾಗೇ ಇತ್ತು, ನೀನೇ ಆನ್ ಮಾಡ್ತಿರ್ಲಿಲ್ಲ ಅಂತ. ಟ್ರೀಟ್‌ಮೆಂಟ್ ನಾನು ನೋಡ್ಕೋತೀನಿ."

"ಮಾಡದಿದ್ರೆ?"

"ವೀಸಾ ಹೋಗತ್ತೆ. ಊರಿಗೆ ಹೋಗಿ ಬದುಕ್ತೀಯಾ? ಕೆಟ್ಟಿತ್ತು ಅನ್ನೋಕೆ ನಿಂಗೆ ಸಾಕ್ಷಿ ಯಾರಿದಾರೆ?"

ಮಹಾಬಲೇಶ್ವರನ ಮೈ ಉರಿಯಿತು. ಬೆಂಚಿನ ಮೇಲಿದ್ದ ನೋಟ್‌ಬುಕ್ಕು ತೆಗೆದ. ದಿನದ ಕೆಲಸ ಬರೆದು, ಕೆಳಗೆ ಸಾಕ್ಷಿಯ ಸಹಿ ಹಾಕಿಸುವುದು ಲ್ಯಾಬಿನ ನಿಯಮ. ಪುಟಗಳು ಮೀನು ನಾರುತ್ತಿದ್ದವು. ಗುರುರಾಜರು ದಿನವೂ ಮುಖ ಆಚೆ ತಿರುಗಿಸಿ, ಓದದೆ ಸಹಿ ಗೀಚಿ ಹೋಗುತ್ತಿದ್ದರು.

"ಓದಿ ಸರ್."

ಪ್ರತಿ ಪುಟದ ಮೊದಲ ಸಾಲು ಒಂದೇ: ಫ್ಯಾನು ಇವತ್ತೂ ಕೆಟ್ಟಿದೆ. ಪ್ರತಿ ಪುಟದ ಕೆಳಗೂ ಅದೇ ಸಹಿ.

ಗುರುರಾಜರು ಪುಸ್ತಕಕ್ಕೆ ಕೈ ಚಾಚಿದರು. ಈಗ ಅವರು ಮೂಗು ಮುಚ್ಚಿಕೊಳ್ಳಲಿಲ್ಲ.

"ಕೊಡಿಲ್ಲಿ ಮಹಾಬಲ. ಕನ್ನಡದವರು ನಾವು, ನಮ್ಮ ನಮ್ಮಲ್ಲೇ ಮಾತಾಡ್ಕೊಳ್ಳೋಣ."

"ಅವತ್ತು 'ನಿಮ್ಮವರು' ಅಂದಿದ್ರಲ್ಲ ಸರ್!"

ಅವನು ಹೊಸ ಪುಟ ತೆರೆದ. ಬರೆದ. ಮಾದರಿ: ಮಹಾಬಲೇಶ್ವರನ ರಕ್ತ. ಫಲಿತಾಂಶ: ಕ್ಯಾನ್ಸರ್. ಫ್ಯಾನು ಇವತ್ತೂ ಕೆಟ್ಟಿದೆ. ಮೂಗಿನಿಂದ ಒಂದು ಹನಿ ಹಾಳೆಯ ಮೇಲೆ ಬಿತ್ತು. ಒರೆಸಲಿಲ್ಲ. ಪೆನ್ನನ್ನು ಗುರುರಾಜರ ಮುಂದೆ ಹಿಡಿದ.

"ಸಾಕ್ಷಿ ಸಹಿ ಹಾಕಿ ಸರ್. ಈ ಸಲ ಓದಿ ಹಾಕಿ."